ಕಾಲು ಸುತ್ತು ತೆರೆದ ವಾಲ್ವ್

ಇಂದಿನ ಸಭೆಯ ಹೊಣೆ ಹೊತ್ತಿರುವ ನಮ್ಮ ಕಾರ್ಖಾನೆಯ ಮ್ಯಾನೇಜರ್ ಅವರೇ, ರಸ್ತೆಯ ಆಚೆಯಿಂದ ಬಿಡುವು ಮಾಡಿಕೊಂಡು ಬಂದಿರುವ ಆಸ್ಪತ್ರೆಯ ಮೇಟ್ರನ್ ಅವರೇ, ನಮ್ಮ ಎಂಜಿನಿಯರ್ ಮೇಡಂ ಅವರೇ, ಮುಂದಿನ ಸಾಲಿನ ಹಿರಿಯರೇ, ಬಾಗಿಲ ಹತ್ತಿರ ನಿಂತು ಗಡಿಯಾರ ನೋಡುತ್ತಿರುವ ಗೆಳೆಯರೇ, ಮೂರನೆಯ ಸಾಲಿನ ತುದಿಯಲ್ಲಿ ಕುಳಿತಿರುವ ನನ್ನ ಹೆಂಡತಿಯೂ ಸೇರಿದಂತೆ ಎಲ್ಲ ಸಭಿಕರೇ,

ಮೊದಲಿಗೇ ಒಂದು ಕ್ಷಮೆ ಕೇಳಿಬಿಡುತ್ತೇನೆ. ನಾನು ಮೂವತ್ತನಾಲ್ಕು ವರ್ಷ ಕೆಲಸ ಮಾಡಿದ ಜಾಗದಲ್ಲಿ ಯಾರೂ ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಂಡವರಲ್ಲ. ಬಾಯ್ಲರ್ ಮನೆಯ ಸದ್ದೇ ಅಂಥದ್ದು. ಅಲ್ಲಿ ನಾವು ಕೈಸನ್ನೆಯಲ್ಲಿ ಮಾತಾಡುತ್ತೇವೆ, ತೀರಾ ಅಗತ್ಯವಿದ್ದರೆ ಕಿವಿಯ ಹತ್ತಿರ ಬಂದು ಕೂಗುತ್ತೇವೆ. ಈ ಮೈಕಿನ ಮುಂದೆ ಯಾವುದು ಮಾತು, ಯಾವುದು ಕೂಗು ಎಂದು ನನಗೆ ತಿಳಿಯುತ್ತಿಲ್ಲ. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರೆ ನಾನು ತಪ್ಪು ತಿಳಿಯುವುದಿಲ್ಲ.

ಇಂದು ನನಗೆ ಈ ವೇದಿಕೆ ಸಿಕ್ಕಿರುವುದು ಎರಡು ಕಾರಣಕ್ಕೆ. ಒಂದು, ನನಗೆ ಅರವತ್ತಾಯಿತು. ಅದರಲ್ಲಿ ನನ್ನ ಸಾಧನೆ ಏನೂ ಇಲ್ಲ, ಸುಮ್ಮನಿದ್ದರೂ ಆಗುತ್ತಿತ್ತು. ಇನ್ನೊಂದು, ಈ ಫಲಕ. ಇದರ ಮೇಲೆ ಏನು ಬರೆದಿದೆ ಎಂದು ಮ್ಯಾನೇಜರ್ ಅವರು ಓದಿ ಹೇಳಿದರು: ಹನ್ನೊಂದು ವರ್ಷ ಕುಲುಮೆಯ ವ್ಯರ್ಥ ಶಾಖದಿಂದ ಕಾರ್ಖಾನೆಯ ಎಲ್ಲ ಹಬೆಯನ್ನೂ ಉತ್ಪಾದಿಸಿದ್ದಕ್ಕಾಗಿ. 'ಎಲ್ಲ' ಎಂಬ ಪದವನ್ನು ಅವರು ಎರಡು ಸಲ ಓದಿದರು. ಮೇಟ್ರನ್ ಅವರು ಎದ್ದು, ಈ ಹನ್ನೊಂದು ವರ್ಷದಲ್ಲಿ ನಮ್ಮ ಲಾಂಡ್ರಿಯಿಂದ ಒಂದು ದಿನವೂ ಒದ್ದೆ ಹಾಸಿಗೆ ಬಟ್ಟೆ ವಾರ್ಡಿಗೆ ಹೋಗಿಲ್ಲ ಎಂದರು. ಚಪ್ಪಾಳೆಗಳು ಬಿದ್ದವು. ಚಪ್ಪಾಳೆ ಬಿದ್ದಾಗಲೆಲ್ಲ ನಾನು ಕುರ್ಚಿಯಲ್ಲಿ ಸ್ವಲ್ಪ ಸ್ವಲ್ಪವೇ ಕೆಳಗೆ ಜಾರುತ್ತಿದ್ದುದನ್ನು ಕೆಲವರಾದರೂ ಗಮನಿಸಿರಬಹುದು. ಅದು ವಿನಯವಲ್ಲ, ಸಭಿಕರೇ. ಗೊಂದಲ.

ಆ ಹಬೆಯನ್ನೆಲ್ಲ ನಾನು ತೆಗೆದೆನೇ? ನಿನ್ನೆ ಸಂಜೆಯವರೆಗೆ ಯಾರಾದರೂ ಕೇಳಿದ್ದರೆ ಹೌದು ಎನ್ನುತ್ತಿದ್ದೆ. ಈಗ ಹೌದು ಎನ್ನಲಾರೆ. ಅಲ್ಲ ಎನ್ನಲೂ ಆಗುತ್ತಿಲ್ಲ. ಗೊತ್ತಿಲ್ಲದವನು ಸುಮ್ಮನಿರಬೇಕು ಎಂದು ನೀವು ಹೇಳಬಹುದು. ಆದರೆ ಸುಮ್ಮನಿರಲು ನನಗೆ ಸಮಯವಿಲ್ಲ. ಇಂದು ಶನಿವಾರ. ಸೋಮವಾರ ಬೆಳಿಗ್ಗೆ ಗ್ಯಾಸ್ ಕಟರ್‌ನವರು ಬಂದು ನಮ್ಮ ಹಳೆಯ ಎಣ್ಣೆ ಬಾಯ್ಲರನ್ನು ತುಂಡು ಮಾಡಲಿದ್ದಾರೆ. ಅದು ಬೇಡ, ಹೊಸದೊಂದೇ ಸಾಕು ಎಂಬ ಕಾಗದದ ಕೆಳಗೆ ಇರುವುದು ನನ್ನ ಸಹಿ.

ಆದ್ದರಿಂದ ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಕೇಳಿ. ಇಲ್ಲಿ ಪ್ಯಾಕಿಂಗ್ ವಿಭಾಗದವರಿದ್ದೀರಿ, ಆಫೀಸಿನವರಿದ್ದೀರಿ, ನಿಮ್ಮ ನಿಮ್ಮ ಮನೆಯವರಿದ್ದೀರಿ. ಬಾಯ್ಲರ್ ಮನೆಯೊಳಗೆ ಎಂದೂ ಕಾಲಿಡದವರಿಗೂ ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇನೆ. ನನಗೇ ತಿಳಿದರೆ ಇನ್ನೂ ಒಳ್ಳೆಯದು.

ನಾವು ಬಾಟಲಿ ಮಾಡುವವರು. ಗಾಜು ಕರಗಿಸುವ ಕುಲುಮೆ ಹಗಲು ರಾತ್ರಿ ಉರಿಯುತ್ತದೆ. ಅದರಿಂದ ಹೊರಡುವ ಹೊಗೆ ನಮ್ಮ ಕೈಗೆ ಸಿಗುವಾಗ ಸುಮಾರು ಐನೂರು ಡಿಗ್ರಿ ಇರುತ್ತದೆ. ಅದನ್ನು ನಾವು ಏನು ಮಾಡುತ್ತಿದ್ದೆವು? ಚಿಮಣಿಗೆ ಬಿಡುತ್ತಿದ್ದೆವು. ಎಷ್ಟೋ ವರ್ಷ ನಾವು ಆಕಾಶಕ್ಕೆ ಕಾವು ಕೊಟ್ಟೆವು, ಆಕಾಶ ಅದಕ್ಕಾಗಿ ಒಂದು ಮಾತನ್ನೂ ಆಡಲಿಲ್ಲ. ಇತ್ತ ಅದೇ ಕಾರ್ಖಾನೆಯ ಇನ್ನೊಂದು ಮೂಲೆಯಲ್ಲಿ, ಬಾಟಲಿ ತೊಳೆಯುವುದಕ್ಕೆ ಮತ್ತು ಆಸ್ಪತ್ರೆಯ ಲಾಂಡ್ರಿಗೆ ಹಬೆ ಬೇಕೆಂದು, ಹಳೆಯ ಬಾಯ್ಲರಿನಲ್ಲಿ ಎಣ್ಣೆ ಸುರಿದು ಸುರಿದು ಉರಿಸುತ್ತಿದ್ದೆವು. ಒಂದು ಕೈಯಿಂದ ಚೆಲ್ಲುತ್ತಾ ಇನ್ನೊಂದು ಕೈಯಿಂದ ಕೊಂಡು ತರುವುದು.

ಹನ್ನೊಂದು ವರ್ಷದ ಹಿಂದೆ ಶಾಖ ಚೇತರಿಕೆ ಬಾಯ್ಲರ್ ಬಂತು. ನಾವು ಅದನ್ನು ಪೆಟ್ಟಿಗೆ ಎನ್ನುತ್ತೇವೆ, ನೋಡಲು ಹಾಗೇ ಇದೆ. ಅದಕ್ಕೆ ಸ್ವಂತ ಬೆಂಕಿ ಇಲ್ಲ. ಚಿಮಣಿಗೆ ಹೋಗುವ ಹೊಗೆಯನ್ನು ದಾರಿಯಲ್ಲಿ ತಿರುಗಿಸಿ ಅದರ ಕೊಳವೆಗಳೊಳಗೆ ಹಾಯಿಸುತ್ತೇವೆ. ಕೊಳವೆಗಳ ಸುತ್ತ ನೀರು ನಿಂತಿರುತ್ತದೆ. ಹೊಗೆ ತನ್ನ ಕಾವನ್ನು ಕೊಳವೆಗೆ ಕೊಡುತ್ತದೆ, ಕೊಳವೆ ನೀರಿಗೆ ಕೊಡುತ್ತದೆ, ನೀರು ಹಬೆಯಾಗುತ್ತದೆ. ಐನೂರಕ್ಕೆ ಒಳಗೆ ಬಂದ ಹೊಗೆ ಇನ್ನೂರಕ್ಕೆ ಹೊರಗೆ ಹೋಗುತ್ತದೆ. ಇನ್ನೂರನ್ನು ಯಾಕೆ ಬಿಡುತ್ತೀರಿ, ಅದನ್ನೂ ತೆಗೆಯಬಾರದೇ ಎಂದು ಮ್ಯಾನೇಜರ್ ಅವರು ಮೊದಲ ವರ್ಷ ಕೇಳಿದ್ದರು. ತೆಗೆಯಬಾರದು. ಅದಕ್ಕಿಂತ ತೀರಾ ತಣ್ಣಗಾದರೆ ಹೊಗೆಯಲ್ಲಿರುವ ಆಮ್ಲ ಹನಿಯಾಗಿ ಇಳಿದು ಕಬ್ಬಿಣವನ್ನು ತಿನ್ನುತ್ತದೆ. ಎಲ್ಲವನ್ನೂ ಕಿತ್ತುಕೊಳ್ಳಲು ಹೋದವರ ಕೊಳವೆ ತೂತಾಗುತ್ತದೆ. ಇದು ನೀತಿಯ ಮಾತಲ್ಲ, ನಿಜವಾಗಿ ತೂತಾಗುತ್ತದೆ.

ಇಲ್ಲಿಯವರೆಗೆ ನನಗೆ ಗೊಂದಲವಿಲ್ಲ. ಇನ್ನು ಮುಂದೆ ಇದೆ.

ಪೆಟ್ಟಿಗೆ ಬಂದ ಮೇಲೂ ಹಳೆಯ ಬಾಯ್ಲರನ್ನು ಆರಿಸಲಿಲ್ಲ. ಕುಲುಮೆಗೆ ಏನಾದರೂ ಆಗಿ ಹೊಗೆ ಕಡಿಮೆಯಾದರೆ ತಕ್ಷಣ ಕೈಗೆ ಸಿಗಲಿ ಎಂದು, ಸಣ್ಣ ಉರಿಯಲ್ಲಿ ಇಟ್ಟೆವು. ಎರಡರ ಹಬೆಯ ದಾರಿಗಳನ್ನು ಒಂದು ಪೈಪ್ ಕೂಡಿಸುತ್ತದೆ. ಆ ಪೈಪಿಗೆ ಒಂದು ವಾಲ್ವ್. ಆ ಪೈಪ್ ಬಂದು ಸೇರುವ ಜಾಗ ದಾಟಿ ಹತ್ತು ಹೆಜ್ಜೆ ಮುಂದೆ, ಗೋಡೆಯ ಮೇಲೆ, ಹಬೆ ಅಳೆಯುವ ಮೀಟರ್. ಮೀಟರ್ ಸೇರುವ ಜಾಗಕ್ಕಿಂತ ಹಿಂದೆ ಇರಬೇಕಿತ್ತಲ್ಲವೇ ಎಂದು ಈಗ ನೀವು ಕೇಳಬಹುದು. ಹನ್ನೊಂದು ವರ್ಷ ಯಾರೂ ಕೇಳಲಿಲ್ಲ. ಆ ಮೀಟರಿಗೆ ಹಿಂದೆಯೂ ಮುಂದೆಯೂ ಒಂದಿಷ್ಟು ನೇರವಾದ ಪೈಪ್ ಬೇಕು, ಇಲ್ಲದಿದ್ದರೆ ತಪ್ಪು ಓದುತ್ತದೆ. ನಮ್ಮಲ್ಲಿ ನೇರವಾದ ಜಾಗ ಇದ್ದದ್ದು ಅಲ್ಲಿ ಮಾತ್ರ. ತಪ್ಪು ಓದಬಾರದೆಂದು ಅಲ್ಲಿ ಕೂರಿಸಿದರು.

ಮತ್ತು ಮಧ್ಯದ ಆ ವಾಲ್ವ್ ಮುಚ್ಚಿಯೇ ಇರುತ್ತದೆ ಎಂದು ನಕ್ಷೆಯಲ್ಲಿದೆ. ಮೇಡಂ ಅವರ ಗೋಡೆಯ ಮೇಲಿನ ನಕ್ಷೆಯಲ್ಲಿ ಅದನ್ನು ಕಪ್ಪಾಗಿ ತುಂಬಿ ಬರೆದಿದೆ. ಕಪ್ಪಾಗಿ ತುಂಬಿದ್ದರೆ ಮುಚ್ಚಿದೆ ಎಂದರ್ಥ.

ಅದು ಮುಚ್ಚಿರಲಿಲ್ಲ. ಕಾಲು ಸುತ್ತು ತೆರೆದಿತ್ತು. ತೆರೆದವನು ನಾನು. ಹನ್ನೊಂದು ವರ್ಷ, ಪ್ರತಿ ಪಾಳಿಯ ಆರಂಭದಲ್ಲಿ, ಈ ಬಲಗೈಯಿಂದ.

ಯಾಕೆ ತೆರೆದೆ? ಇದಕ್ಕೆ ಉತ್ತರ ಹೇಳಬೇಕಾದರೆ ನನ್ನ ಭಾವನ ಬಗ್ಗೆ ಹೇಳಬೇಕು. ಹಳೆಯ ಬಾಯ್ಲರ್ ನೋಡಿಕೊಳ್ಳುವವರು ನಿಮಗೆಲ್ಲ ಗೊತ್ತು. ಅವರು ನನ್ನ ಹೆಂಡತಿಯ ಅಣ್ಣ ಎಂಬುದು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಒಂಬತ್ತು ವರ್ಷದಿಂದ ನಾವಿಬ್ಬರೂ ನಡೆದುಕೊಂಡ ರೀತಿ ನೋಡಿದರೆ ಗೊತ್ತಾಗುವಂತೆಯೂ ಇರಲಿಲ್ಲ. ವಯಸ್ಸಿನಲ್ಲಿ ನಾನು ಒಂದು ವರ್ಷ ದೊಡ್ಡವನು. ಆದರೆ ನಾನು ಇಪ್ಪತ್ತಾರಕ್ಕೆ ಇಲ್ಲಿಗೆ ಬಂದಾಗ ಅವರು ಹದಿನೇಳಕ್ಕೇ ಸೇರಿ ಎಂಟು ವರ್ಷ ಕಳೆದಿದ್ದರು. ಕೆಲಸ ಕಲಿಸಿದವರು ಅವರು. ಎರಡು ವರ್ಷದ ನಂತರ ತಂಗಿಯನ್ನೂ ಕೊಟ್ಟರು. ಯಾವುದನ್ನು ಹೆಚ್ಚು ಯೋಚನೆ ಮಾಡಿ ಕೊಟ್ಟರೆಂದು ನನಗೆ ಇಂದಿಗೂ ಗೊತ್ತಿಲ್ಲ. ಹಾಗಾಗಿ ನಾನು ಅವರಿಗೆ ನೀವು ಎನ್ನುತ್ತೇನೆ, ಅವರು ನನಗೆ ನೀನು ಎನ್ನುತ್ತಾರೆ. ಮಾತಾಡುವ ಕಾಲದಲ್ಲಿ ಹಾಗೆ ಎನ್ನುತ್ತಿದ್ದೆವು.

ಮೊದಲ ದಿನ ಅವರು ನನ್ನ ಕೈ ಹಿಡಿದು ಒಂದು ತಣ್ಣನೆಯ ಪೈಪಿನ ಮೇಲೆ ಇಟ್ಟರು. "ಇದರೊಳಗೆ ಏನಿದೆ ಹೇಳು" ಎಂದರು. ಏನೂ ಇಲ್ಲ ಎಂದೆ. "ನೀರಿದೆ ಮಾರಾಯ. ಹಬೆ ಪೈಪ್ ತಣ್ಣಗೆ ಮಲಗ್ತು ಅಂದ್ರೆ ಹೊಟ್ಟೇಲಿ ನೀರು ತುಂಬ್ಕೊಳ್ಳುತ್ತೆ. ಆಮೇಲೆ ನೀನು ಬಂದು ಒಂದೇ ಸಲಕ್ಕೆ ವಾಲ್ವ್ ತೆಗೀತೀಯ. ಹಬೆ ಆ ನೀರನ್ನ ಎತ್ತಿ ಮುಂದಿನ ತಿರುವಿಗೆ ಒಗೆಯುತ್ತೆ. ತಿರುವು ಸೀಳುತ್ತೆ. ತಿರುವಿನ ಎದುರಿಗೆ ನೀನಿದ್ರೆ ನೀನೂ." ಆಮೇಲೆ ವಾಲ್ವಿನ ಚಕ್ರವನ್ನು ಪೂರ್ತಿ ಮುಚ್ಚಿ, ಮತ್ತೆ ಕಾಲು ಸುತ್ತು ತೆರೆದು ತೋರಿಸಿದರು. "ಪೈಪ್ ಬೆಚ್ಚಗಿರೋಷ್ಟು ಬಿಡು. ಯಾವಾಗ ಕರೆದ್ರೂ ಎದ್ದು ಬರೋ ಹಾಗಿರಬೇಕು."

ನಾವು ಅವರ ಕೈಕೆಳಗೆ ಕಲಿತವರೆಲ್ಲ ಹಾಗೇ ಮಾಡುತ್ತೇವೆ. ಪಾಳಿಗೆ ಬಂದಾಗ ವಾಲ್ವ್ ಮುಚ್ಚಿ ನೋಡುವುದು, ಮತ್ತೆ ಕಾಲು ಸುತ್ತು ಬಿಡುವುದು. ಇದನ್ನು ಯಾರೂ ರಿಜಿಸ್ಟರಿನಲ್ಲಿ ಬರೆಯುವುದಿಲ್ಲ. ಕೈ ತೊಳೆದೆ ಎಂದು ಯಾರಾದರೂ ಬರೆದಿಡುತ್ತಾರೆಯೇ? ಪಾಳಿಯ ವಿವರ ಬರೆಯುವಾಗ 'ಮಧ್ಯದ ವಾಲ್ವ್' ಎಂಬಲ್ಲಿ ನಾನು ದಿನವೂ 'ಮುಚ್ಚಿದೆ' ಎಂದು ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಒಂದು ದಿನವೂ ಅನಿಸಲಿಲ್ಲ. ನಮ್ಮ ಪಾಲಿಗೆ ಕಾಲು ಸುತ್ತು ತೆರೆದ ವಾಲ್ವ್ ಎಂದರೆ ಮುಚ್ಚಿದ ವಾಲ್ವ್.

ಮೇಡಂ, ನೀವು ಬರೆದುಕೊಳ್ಳುತ್ತಿದ್ದೀರಿ. ಬರೆದುಕೊಳ್ಳಿ, ನಾನು ನಿಧಾನವಾಗಿ ಹೇಳುತ್ತೇನೆ.

ಪೆಟ್ಟಿಗೆ ಬಂದ ಎರಡನೆಯ ವರ್ಷ ಮೀಟರ್ ನೋಡಿ ನಾನೇ ಒಂದು ವರದಿ ಬರೆದೆ. ಹಬೆಯೆಲ್ಲ ಪೆಟ್ಟಿಗೆಯಿಂದಲೇ ಬರುತ್ತಿದೆ, ಹಳೆಯ ಬಾಯ್ಲರ್ ಬರೀ ಕಾವಲಿಗಿದೆ ಎಂದು. ಅದರ ಮೇಲೆ ಅಲ್ಲಿದ್ದ ಆರು ಜನರಲ್ಲಿ ಐವರನ್ನು ಬೇರೆ ವಿಭಾಗಗಳಿಗೆ ಕಳಿಸಿದರು. ಭಾವ ಒಬ್ಬರೇ ಉಳಿದರು. ನೀವೆಲ್ಲ ಅವರನ್ನು ಕಾವಲುಗಾರ ಎಂದು ಕರೆಯಲು ಶುರು ಮಾಡಿದ್ದು ಆಗ. ಮೊದಲು ಹಾಗೆ ಕರೆದವನು ಯಾರು ಎಂದು ಕೇಳಬೇಡಿ. ಕೇಳಿದರೆ ಇಂದು ನಾನು ಹೇಳಿಬಿಡುವ ಸ್ಥಿತಿಯಲ್ಲಿದ್ದೇನೆ.

ಅದೇ ವಾರ ಮನೆಯಲ್ಲಿ ಊಟಕ್ಕೆ ಎಲ್ಲರೂ ಸೇರಿದ್ದೆವು. ಹನ್ನೊಂದು ಜನ. ನಾನು ಪೆಟ್ಟಿಗೆಯ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದೆ. ಭಾವ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ನಿನ್ನ ಪೆಟ್ಟಿಗೆ ಹಬೇಲಿ ಅರ್ಧ ನಂದು." ನಾನು ಸುಮ್ಮನಾಗಬೇಕಿತ್ತು. ನಾನು ಹೇಳಿದೆ: "ಹೊಟ್ಟೆಕಿಚ್ಚಲ್ಲೂ ಹಬೆ ಬರುತ್ತೆ ಅಂತ ನಂಗೆ ಗೊತ್ತಿರಲಿಲ್ಲ ಭಾವ."

ಎಲ್ಲರೂ ನಕ್ಕರು. ಒಳ್ಳೆಯ ಮಾತು, ನೀವೂ ಈಗ ನಕ್ಕಿರಿ. ಅವರು ಊಟ ಪೂರ್ತಿ ಮಾಡಿದರು, ಕೈ ತೊಳೆದರು, ತಂಗಿಗೆ ಬರ್ತೀನಮ್ಮ ಎಂದು ಹೇಳಿ ಹೋದರು. ಆಮೇಲೆ ಒಂಬತ್ತು ವರ್ಷ ಅವರು ನಮ್ಮ ಮನೆಗೆ ನಾನು ಪಾಳಿಯಲ್ಲಿದ್ದಾಗ ಮಾತ್ರ ಬಂದಿದ್ದಾರೆ. ಕೆಲಸದ ಮಾತು ಕೈಸನ್ನೆಯಲ್ಲಿ ನಡೆಯುತ್ತಿತ್ತು. ಮೊದಲೇ ಹೇಳಿದೆನಲ್ಲ, ಅಲ್ಲಿ ಸದ್ದು ಬಹಳ, ಮಾತು ನಿಂತಿದೆ ಎಂದು ಯಾರಿಗೂ ತಿಳಿಯಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಕುಲುಮೆಯ ಇಟ್ಟಿಗೆ ಬದಲಿಸಲು ಹತ್ತು ದಿನ ಉರಿಯನ್ನು ಅರ್ಧಕ್ಕೆ ಇಳಿಸಿದ್ದೆವು. ಹೊಗೆ ಅರ್ಧವಾಯಿತು. ಹಬೆ ಅಷ್ಟೇನೂ ಇಳಿಯಲಿಲ್ಲ. ಆಗ ನಾನು ಏನು ಯೋಚಿಸಬೇಕಿತ್ತು? ಏನೋ ತಪ್ಪಿದೆ ಎಂದು. ನಾನು ಏನು ಯೋಚಿಸಿದೆ? ನನ್ನ ಪೆಟ್ಟಿಗೆ ಎಂಥ ಪೆಟ್ಟಿಗೆ ಎಂದು. ಆ ವರ್ಷವೂ ನನಗೆ ಒಂದು ಗಡಿಯಾರ ಕೊಟ್ಟಿರಿ. ಅದು ನಮ್ಮ ಅಡುಗೆಮನೆಯಲ್ಲಿದೆ, ಸಮಯ ಸರಿಯಾಗಿ ತೋರಿಸುತ್ತದೆ.

ಇದೆಲ್ಲ ಹೀಗೇ ಮುಗಿದುಹೋಗುತ್ತಿತ್ತು, ಈ ಭಾಷಣ ಇಲ್ಲದಿದ್ದರೆ. ನಿನ್ನೆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹಾಸಿಕೊಂಡು ಅಭ್ಯಾಸ ಮಾಡುತ್ತಿದ್ದೆ. ನನ್ನ ಹೆಂಡತಿ ಇದೇ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಬಾಯ್ಲರ್ ಮನೆ ನೋಡದವರಿಗೂ ತಿಳಿಯುವಂತೆ ಹೇಳಬೇಕೆಂದು, ಹಬೆ ಹೋಗುವ ದಾರಿಯನ್ನು ಅವಳ ಮುಂದೆ ಬರೆದು ತೋರಿಸಿದೆ. ಹೊಗೆ ಇಲ್ಲಿ, ನೀರು ಇಲ್ಲಿ, ಇದು ಪೆಟ್ಟಿಗೆ, ಇದು ನಿನ್ನ ಅಣ್ಣನ ಬಾಯ್ಲರ್, ಅದು ಸುಮ್ಮನೆ ಕೂತಿರುತ್ತದೆ.

ಅವಳು ಕೇಳಿದಳು: "ಸುಮ್ಮನೆ ಕೂತಿರೋದಕ್ಕೆ ದಿನಾ ಎಣ್ಣೆ ಯಾಕೆ?"

"ನೀರು ಬಿಸಿಯಾಗಿರಬೇಕಲ್ಲ."

"ನೀರು ಕಾಯ್ತಾನೇ ಇದ್ರೆ ಹಬೆ ಬರ್ತಾನೇ ಇರುತ್ತೆ ಅಲ್ವಾ? ಅದು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ. ಪೈಪ್ ಬೆಚ್ಚಗಿರಲಿ ಅಂತ ಒಂಚೂರು ಈ ಕಡೆ ಬಿಡ್ತೀವಿ."

"ಈ ಕಡೆ ಅಂದ್ರೆ? ನಿಮ್ಮ ಮೀಟರ್ ಕಡೇನಾ?"

ನಾನು ಪೆನ್ಸಿಲಿನಿಂದ ಆ ಪೈಪನ್ನು ಮೀಟರಿನವರೆಗೂ ಎಳೆದು ನೋಡಿದೆ. ಅವಳು ಅಂಗಿಯನ್ನು ತಿರುಗಿಸಿ ಹಾಕಿ, ಇನ್ನೊಂದು ತೋಳಿಗೆ ಇಸ್ತ್ರಿ ಹಾಕುತ್ತಾ ಹೇಳಿದಳು: "ರೀ, ಮತ್ತೆ ಅಣ್ಣ ಹೇಳಿದ್ದೇ ಸರಿ ಆಯ್ತಲ್ಲ."

ಸರಿ ಆಯಿತೇ? ಇಲ್ಲಿ ನಿಜವಾದ ಗೊಂದಲ ಶುರುವಾಗುತ್ತದೆ, ಸಭಿಕರೇ. ಹಬೆಗೆ ಇಂಥವರ ಮನೆಯದು ಎಂಬ ಗುರುತು ಇರುವುದಿಲ್ಲ. ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ, ಅಷ್ಟೇ. ಭಾವನ ಬಾಯ್ಲರ್ ಎಂಟು ಕೆಜಿ ಒತ್ತಡಕ್ಕೆ ನಿಂತಿರುತ್ತದೆ, ನನ್ನದು ಏಳೂವರೆಗೆ. ಆದ್ದರಿಂದ ಅಲ್ಲಿಂದ ಇಲ್ಲಿಗೆ ಬರುತ್ತದೆ. ಆದರೆ ಕುಲುಮೆ ಜೋರಾಗಿದ್ದ ದಿನ ನನ್ನದು ಎಂಟು ದಾಟುತ್ತದೆ. ಆಗ ನನ್ನ ಹಬೆ ಅವರ ಕಡೆಗೆ ಹೋಗಿ, ಅವರ ಪೈಪಿನಲ್ಲಿ ತಣ್ಣಗಾಗಿ, ಯಾರ ಲೆಕ್ಕಕ್ಕೂ ಸೇರದೆ ನೀರಾಗಿರಬೇಕು. ಯಾವ ದಿನ ಎಷ್ಟು ಬಂತು? ಎಷ್ಟು ಹೋಯಿತು? ಕಾಲು ಸುತ್ತು ಎಂದರೆ ಎಷ್ಟು? ವಾಲ್ವ್ ಹೊಸದಾಗಿದ್ದಾಗ ಪೈಪ್ ಬೆಚ್ಚಗಾಗುವಷ್ಟು. ಹನ್ನೊಂದು ವರ್ಷ ಹಬೆ ಉಜ್ಜಿದ ವಾಲ್ವಿನಲ್ಲಿ? ಬೆರಳಿನಷ್ಟೋ, ತೋಳಿನಷ್ಟೋ? ಗೊತ್ತಿಲ್ಲ. ನಾನು ಎಷ್ಟು ಬರೆದರೂ ಉತ್ತರ ಬರಲಿಲ್ಲ.

ಇಂದು ಬೆಳಿಗ್ಗೆ ಭಾವನ ಹತ್ತಿರ ಹೋದೆ. ಅವರು ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜನ್ನು ಒರೆಸುತ್ತಿದ್ದರು.

"ಏನು, ಸನ್ಮಾನದ ದಿನ ದಾರಿ ತಪ್ಪಿ ಬಂದ್ಯಾ?" ಎಂದರು.

"ಭಾವ, ಒಂದು ಕೇಳಬೇಕು."

"ನೀನು ನನ್ನ ಏನಾದ್ರೂ ಕೇಳಿ ಒಂಬತ್ತು ವರ್ಷ ಆಯ್ತು. ಕೇಳು, ಕೇಳು."

"ಈ ಕಾಲು ಸುತ್ತಲ್ಲಿ ಎಷ್ಟು ಹಬೆ ಹೋಗುತ್ತೆ?"

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. "ಅವತ್ತೇ ಹೇಳಿದ್ನಲ್ಲ. ಅರ್ಧ."

"ಕೋಪಕ್ಕೆ ಹೇಳಿದ್ರಿ ಅಂದ್ಕೊಂಡೆ."

"ಕೋಪಕ್ಕೇ ಹೇಳಿದ್ದು. ಆದ್ರೆ ನಾನು ಸುಡೋ ಎಣ್ಣೆ ನೋಡಿ ಹೇಳಿದ್ದು."

"ಮತ್ತೆ ಬಿಡಿಸಿ ಹೇಳಬಾರದಿತ್ತಾ?"

"ಹೊಟ್ಟೆಕಿಚ್ಚು ಅಂದೆ. ಹೊಟ್ಟೆಕಿಚ್ಚಿನೋನು ಎಲ್ಲಾದ್ರೂ ಬಿಡಿಸಿ ಹೇಳ್ತಾನಾ?"

"ವಾಲ್ವನ್ನಾದ್ರೂ ಪೂರ್ತಿ ಮುಚ್ಚಬಹುದಿತ್ತು. ಎರಡು ದಿನದಲ್ಲಿ ನನ್ನ ಬಣ್ಣ ಬಯಲಾಗ್ತಿತ್ತು."

ಆಗ ಅವರು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು. "ನಿನ್ನ ಬಣ್ಣ ಬಯಲು ಮಾಡೋಕೆ ನಾನು ಪೈಪನ್ನ ತಣ್ಣಗೆ ಮಲಗಿಸ್ಲಾ? ನೀನು ಒಳ್ಳೇ ಗಿರಾಕಿ." ಮತ್ತೆ ಗಾಜಿನ ಕಡೆ ತಿರುಗಿ, "ಹೋಗ್ಲಿ ಬಿಡು. ಫಲಕ ತಗೊಂಡು ಮನೆಗೆ ಹೋಗು. ಸೋಮವಾರ ಇದನ್ನ ಕತ್ತರಿಸ್ತಾರೆ. ಮಂಗಳವಾರ ಗೊತ್ತಾಗುತ್ತೆ" ಎಂದರು.

"ಯಾರಿಗೆ?"

"ಪೈಪಿನ ಕೊನೇಲಿ ಇರೋರಿಗೆ."

ಮೇಟ್ರನ್ ಅವರೇ, ಪೈಪಿನ ಕೊನೆಯಲ್ಲಿ ಇರುವವರು ನೀವು. ಹಬೆ ಸಾಲದೇ ಹೋದರೆ ಮೊದಲು ಬಾಟಲಿ ತೊಳೆಯುವಲ್ಲಿ ಗೊತ್ತಾಗುವುದಿಲ್ಲ, ಆಫೀಸಿನಲ್ಲಿ ಗೊತ್ತಾಗುವುದಿಲ್ಲ. ರಸ್ತೆ ದಾಟಿ ಕೊನೆಗೆ ನಿಮ್ಮ ಲಾಂಡ್ರಿ, ಅದರಾಚೆ ನಿಮ್ಮ ಉಪಕರಣಗಳನ್ನು ಶುದ್ಧ ಮಾಡುವ ಕೋಣೆ. ಹನ್ನೊಂದು ವರ್ಷ ನಿಮ್ಮ ಬಟ್ಟೆ ಒದ್ದೆಯಾಗದಂತೆ ನೋಡಿಕೊಂಡದ್ದು ಯಾರು ಎಂದು ನನಗೆ ತಿಳಿಯದಿದ್ದರೂ ಪರವಾಗಿಲ್ಲ. ಹನ್ನೆರಡನೆಯ ವರ್ಷ ಯಾರು ನೋಡಿಕೊಳ್ಳುತ್ತಾರೆ ಎಂದು ಸೋಮವಾರಕ್ಕೆ ಮೊದಲು ತಿಳಿಯಲೇಬೇಕು.

ಈಗ ನಾನು ಒಪ್ಪಿಕೊಳ್ಳಬೇಕಾದ ಒಂದು ವಿಷಯವಿದೆ. ಮ್ಯಾನೇಜರ್ ಅವರು ದಯವಿಟ್ಟು ಕುಳಿತುಕೊಂಡೇ ಕೇಳಬೇಕು. ನಾನು ಮಾತಾಡಲು ಎದ್ದಾಗ ನಾಲ್ಕೂವರೆ. ಸರಿಯಾಗಿ ಆ ಹೊತ್ತಿಗೆ ಭಾವ ಮಧ್ಯದ ವಾಲ್ವನ್ನು ಪೂರ್ತಿ ಮುಚ್ಚಿದ್ದಾರೆ. ನಾವಿಬ್ಬರೂ ಬೆಳಿಗ್ಗೆ ಮಾತಾಡಿಕೊಂಡದ್ದು ಅದನ್ನೇ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಪೆಟ್ಟಿಗೆ ಒಂದೇ ಹಬೆ ಕೊಡುತ್ತಿದೆ. ಶನಿವಾರ ಮಧ್ಯಾಹ್ನದಿಂದ ಸಂಜೆಯವರೆಗೆ ಆಸ್ಪತ್ರೆ ಎರಡು ದಿನದ ಬಟ್ಟೆ ಒಗೆಯುತ್ತದೆ, ನಮಗೆ ಅಷ್ಟು ಭಾರ ವಾರದಲ್ಲಿ ಬೇರೆ ದಿನ ಇರುವುದಿಲ್ಲ. ಒಂದು ಗಂಟೆ ಒತ್ತಡ ನಿಂತರೆ ನನ್ನ ಸಹಿ ಸರಿ. ಆರು ಕೆಜಿಗೆ ಇಳಿದರೆ ಯಾರನ್ನೂ ಕೇಳದೆ ತಕ್ಷಣ ತೆರೆಯಿರಿ ಎಂದು ಹೇಳಿದ್ದೇನೆ. ಆರು ಇರುವವರೆಗೆ ಯಾವ ಯಂತ್ರಕ್ಕೂ ತೊಂದರೆ ಇಲ್ಲ. ಲಾಂಡ್ರಿಯ ಮುಖ್ಯಸ್ಥೆಗೆ ಬೆಳಿಗ್ಗೆಯೇ ತಿಳಿಸಿದ್ದೇನೆ.

ಯಾರ ಅನುಮತಿ ಪಡೆದೆ? ಯಾರದೂ ಇಲ್ಲ. ಕೇಳಿದ್ದರೆ ಬರೆದು ಕೊಡಿ ಎನ್ನುತ್ತಿದ್ದಿರಿ. ಬರೆದದ್ದು ಮೂರು ಮೇಜು ದಾಟಲು ಮೂರು ದಿನ. ಕಟರ್‌ನವರು ಬರಲು ಎರಡೇ ದಿನ. ಇಂದು ನಾನು ನಿವೃತ್ತ. ನಿವೃತ್ತನಾದವನಿಗೆ ಏನು ಶಿಕ್ಷೆ ಕೊಡಬಹುದು ಎಂದು ನಿಯಮದ ಪುಸ್ತಕದಲ್ಲಿ ನೋಡಿದೆ, ಸಿಗಲಿಲ್ಲ.

ಎಷ್ಟು ಹೊತ್ತು ನಿಲ್ಲುತ್ತೆ ಎಂದು ಭಾವನನ್ನು ಕೇಳಿದ್ದೆ. "ಹತ್ತು ನಿಮಿಷ" ಎಂದರು. ನಾನು ಒಂದು ಗಂಟೆ ಎಂದೆ. ಈಗ ಐದಕ್ಕೆ ಮೂರು ನಿಮಿಷವಿದೆ. ಅಂದರೆ ಭಾವನ ಹತ್ತು ನಿಮಿಷ...

ಕ್ಷಮಿಸಿ. ನನ್ನ ಹೆಂಡತಿ ಎದ್ದು ಬರುತ್ತಿದ್ದಾಳೆ. ಮಾತು ನಿಲ್ಲಿಸಿ ಎಂದು ಹೇಳಲು ಬರುತ್ತಿದ್ದಾಳೆ ಎಂದು ನೀವು ನಗಬೇಡಿ. ಭಾವ ನನಗೆ ಫೋನ್ ಮಾಡುವುದಿಲ್ಲ, ಮೆಸೇಜನ್ನೂ ಕಳಿಸುವುದಿಲ್ಲ. ಏನಿದ್ದರೂ ತಂಗಿಗೆ. ದಾರಿ ಬಿಡಿ, ಮೆಟ್ಟಿಲು ಹುಷಾರು. ಕನ್ನಡಕ ಎಲ್ಲಿಟ್ಟೆ? ಕೊಡು ಇಲ್ಲಿ.

ಓದುತ್ತೇನೆ. ಅವಳಿಗೆ ಬರೆದದ್ದು. "ಇಪ್ಪತ್ತಾರು ನಿಮಿಷಕ್ಕೆ ಆರಕ್ಕೆ ಬಂತು. ತೆರೆದೆ. ಈಗ ಏರ್ತಾ ಇದೆ. ನಾನು ಹತ್ತೇ ನಿಮಿಷ ಅಂದ್ಕೊಂಡಿದ್ದೆ. ಪೆಟ್ಟಿಗೆ ಪರವಾಗಿಲ್ಲ ಅಂತ ಹೇಳು."

ಇಪ್ಪತ್ತಾರು ನಿಮಿಷ. ಇದರ ಅರ್ಥವೇನು? ಅವರು ಹೇಳಿದಂತೆ ಅರ್ಧವೇ? ಅಲ್ಲವೆನಿಸುತ್ತದೆ. ಮೂರರಲ್ಲಿ ಒಂದು ಪಾಲೇ? ನಾಲ್ಕರಲ್ಲಿ ಒಂದೇ? ಮೇಡಂ ಅವರು ಕೂತು ಲೆಕ್ಕ ಹಾಕಬಲ್ಲರು, ನನ್ನ ಕೈಯಲ್ಲಿ ಆಗುವುದಿಲ್ಲ. ನಾನು ಗೆದ್ದೆನೇ, ಸೋತೆನೇ, ಅದೂ ಗೊತ್ತಾಗುತ್ತಿಲ್ಲ. ಪರವಾಗಿಲ್ಲ ಎಂದಿದ್ದಾರೆ. ಒಂಬತ್ತು ವರ್ಷದ ನಂತರ ನನ್ನ ಕೆಲಸದ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಇದು. ಹನ್ನೊಂದು ವರ್ಷ ನಾನು 'ಎಲ್ಲ' ಎಂದುಕೊಂಡಿದ್ದಕ್ಕೆ ನಾಚಿಕೆಪಡಬೇಕೋ, 'ಪರವಾಗಿಲ್ಲ' ಎಂದದ್ದಕ್ಕೆ ಸಂತೋಷಪಡಬೇಕೋ ತಿಳಿಯದೆ ಇಲ್ಲಿ ನಿಂತಿದ್ದೇನೆ.

ಆದರೆ ಒಂದು ವಿಷಯದಲ್ಲಿ ಗೊಂದಲ ತೀರಿತು. ಒಂದೇ ಸಾಕು ಎಂದು ಸಹಿ ಮಾಡಿದ್ದೆ. ಒಂದೇ ಸಾಲದು. ಮ್ಯಾನೇಜರ್ ಅವರೇ, ಆ ಸಹಿಯನ್ನು ಇಷ್ಟು ಜನರ ಮುಂದೆ ನಾನು ಹಿಂದಕ್ಕೆ ಪಡೆಯುತ್ತೇನೆ. ಸೋಮವಾರ ಕಟರ್‌ನವರು ಬಂದರೆ ಗೇಟಿನಲ್ಲೇ ನಿಲ್ಲಿಸಿ. ಮೀಟರನ್ನು ಸೇರುವ ಜಾಗದ ಹಿಂದಕ್ಕೆ ಸರಿಸಿ, ನೇರವಾದ ಪೈಪ್ ಇಲ್ಲದಿದ್ದರೆ ಗೋಡೆ ಒಡೆದು ಮಾಡಿ. ಆರು ತಿಂಗಳು ನೋಡಿ. ಆಮೇಲೆ ಹಳೆಯದನ್ನು ಇಡುತ್ತೀರೋ, ಪೆಟ್ಟಿಗೆಗೆ ಜೊತೆಯೊಂದನ್ನು ತರುತ್ತೀರೋ, ಅದು ನಿಮ್ಮ ತೀರ್ಮಾನ. ಈ ಫಲಕವನ್ನು ಇಲ್ಲಿ ಮೇಜಿನ ಮೇಲೆ ಇಡುತ್ತಿದ್ದೇನೆ. ಬೇಡವೆಂದಲ್ಲ. ಇದರ ಮೇಲಿನ ಬರಹ ಸರಿಯಾದ ಮೇಲೆ ಕೊಡಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ.

ಮತ್ತೊಂದು ಬಾಕಿ ಇದೆ. ಆ ಹೊಟ್ಟೆಕಿಚ್ಚಿನ ಮಾತನ್ನು ಹನ್ನೊಂದು ಜನರ ಮುಂದೆ ಆಡಿದ್ದೆ. ವಾಪಸು ಪಡೆಯಲು ಇಲ್ಲಿ ಇನ್ನೂರು ಜನ ಸಿಕ್ಕಿದ್ದೀರಿ. ಆದರೆ ಕೇಳಬೇಕಾದವರೊಬ್ಬರೇ ಇಲ್ಲಿಲ್ಲ.

ಇಷ್ಟು ವರ್ಷ ನನ್ನನ್ನು ನಂಬಿದ್ದಕ್ಕೆ, ನಂಬಿ ಕೊಟ್ಟ ಗಡಿಯಾರಕ್ಕೆ, ಇಷ್ಟು ಹೊತ್ತು ಕುಳಿತು ಕೇಳಿದ್ದಕ್ಕೆ ನಿಮ್ಮೆಲ್ಲರಿಗೂ ಋಣಿ. ಮೇಟ್ರನ್ ಅವರಿಗೆ, ಇಪ್ಪತ್ತಾರು ನಿಮಿಷ ಅವರಿಗೆ ಹೇಳದೆ ತೆಗೆದುಕೊಂಡಿದ್ದಕ್ಕೆ ಕ್ಷಮೆಯೂ ಕೃತಜ್ಞತೆಯೂ ಒಟ್ಟಿಗೆ. ಚಹಾ ಇದೆ ಎಂದು ಹೇಳಿದ್ದಾರೆ, ಎಲ್ಲರೂ ಕುಡಿದು ಹೋಗಿ. ನನಗಾಗಿ ಕಾಯಬೇಡಿ. ನನ್ನ ಪಾಳಿಯವರೆಲ್ಲ ಇಲ್ಲಿ ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದೀರಿ. ಅಲ್ಲಿ ಭಾವ ಒಬ್ಬರೇ ಎರಡು ಬಾಯ್ಲರ್ ನೋಡಿಕೊಳ್ಳುತ್ತಿದ್ದಾರೆ. ನಾನು ಹೋಗಬೇಕು.

ನಮಸ್ಕಾರ.